ಬಹರೈನಿನಿಂದ ನಾಲ್ಕೇ ಗಂಟೆ

ನಾನು ಒಂದು ಸೂಟ್‌ಕೇಸ್. ಹುಟ್ಟಿದ್ದೇ ಪೆಟ್ಟು ತಿಂದು. ಮುಂಬೈಯ ಕಾರ್ಖಾನೆಯೊಂದರಲ್ಲಿ ನನ್ನ ಮೂಲೆಗಳಿಗೆ ಕಬ್ಬಿಣದ ಪಟ್ಟಿ ಇಟ್ಟು ಮೊಳೆ ಹೊಡೆದರು. ಬೀಗ ಕೂರಿಸಿದವನು ನನ್ನನ್ನು ಮೂರು ಸಲ ನೆಲಕ್ಕೆ ಎತ್ತಿಹಾಕಿ, ನಾನು ಬಾಯಿ ಬಿಡದ್ದನ್ನು ನೋಡಿ ಬೆನ್ನು ತಟ್ಟಿದ. ಆ ಬೀಗದ ಮೇಲೆ ನನಗೆ ಎಲ್ಲಿಲ್ಲದ ಹೆಮ್ಮೆ.

ನನ್ನನ್ನು ಕೊಂಡವನು ಬಹರೈನಿನಲ್ಲಿ ಲಾರಿ ಓಡಿಸುತ್ತಿದ್ದ ಮಂಗಳೂರಿನ ಪುರಂದರ. ಗಲ್ಫಿಗೆ ಹೋಗುವವರೆಲ್ಲ ಮಾಡುವಂತೆ ನನ್ನ ಬೆನ್ನಿನ ಮೇಲೆ ಬಿಳಿ ಪೇಂಟಿನಲ್ಲಿ ದಪ್ಪಗೆ ಹೆಸರು ಬರೆದು ನೈಲಾನ್ ಹಗ್ಗ ಬಿಗಿದ. ಹೊಸ ಹೆಂಡತಿ ಜಲಜಾಕ್ಷಿಯನ್ನೂ ಕರೆದೊಯ್ದ. ಅಲ್ಲಿ ಅವಳ ಪಾಸ್‌ಪೋರ್ಟನ್ನು ನನ್ನೊಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಕಡಿಮೆಯಾದರೂ ಹೊಡೆಯುತ್ತಿದ್ದ. ಮಂಚದಡಿಯಿಂದ ನನಗೆ ಕಾಣುತ್ತಿದ್ದದ್ದು ಅವನ ಬೂಟು, ನೆಲಕ್ಕೊರಗಿದ ಅವಳ ಮುಖ.

"ಊರಿಗೆ ಓಡ್ತೀಯಾ? ಇಲ್ಲಿಗೆ ಬರ್ಲಿಕ್ಕೆ ಒಂದೂವರೆ ಗಂಟೆ, ಹೋಗ್ಲಿಕ್ಕೆ ಆರೂವರೆ. ಎದುರು ಗಾಳಿ ಉಂಟು ಮಾರಾಯ್ತಿ!" ಎಂದು ನಗುತ್ತಿದ್ದ.

ಬಹರೈನಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಆ ಮಹಾಶಯ ಟಿಕೆಟ್ಟಿನಲ್ಲಿದ್ದ ಎರಡು ಊರಿನ ಹೊತ್ತನ್ನು ಸುಮ್ಮನೆ ಒಂದರಿಂದ ಒಂದು ಕಳೆದು ಲೆಕ್ಕ ಹಾಕಿಬಿಟ್ಟಿದ್ದ. ಸುಮಾರು ಮೂರು ಸಾವಿರ ಕಿಲೋಮೀಟರಿನ ಆ ದಾರಿಗೆ ಎತ್ತ ಹಾರಿದರೂ ನಾಲ್ಕೇ ಗಂಟೆ. ವಿಮಾನದ ಹೊಟ್ಟೆಯಲ್ಲಿ ನಡುಗುತ್ತ ಹೋದ ನನಗೆ ಗೊತ್ತು.

ಐದನೆಯ ವರ್ಷ ಒಂದು ಬೆಳಿಗ್ಗೆ ಅವಳ ಬಲಗೈ ಬೆರಳುಗಳನ್ನು ಬಾಗಿಲ ಸಂದಿಗೆ ಕೊಟ್ಟು ಬಾಗಿಲು ಜಡಿದು ಕೆಲಸಕ್ಕೆ ಹೋದ. ಅವಳು ಅಳಲಿಲ್ಲ. ಬಳೆ ಮಾರಿ ಪಕ್ಕದ ಮನೆಯಾಕೆಯಿಂದ ಆ ದಿನದ ಟಿಕೆಟ್ಟನ್ನು ಮೊದಲೇ ತರಿಸಿಟ್ಟಿದ್ದಳು. ಅಡುಗೆಮನೆಯ ಕತ್ತಿ ತಂದು ನನ್ನ ಬೀಗಕ್ಕೆ ಕಡಿದಳು. ನಾಚಿಕೆಗೆಟ್ಟ ನಾನು ಬಾಯಿ ಬಿಡಲಿಲ್ಲ. ಏಳನೆಯ ಏಟಿಗೆ ಬೀಗ ಹಾರಿತು, ಪಾಸ್‌ಪೋರ್ಟಿನ ಮೇಲೆ ಅವಳ ರಕ್ತ ಬಿತ್ತು. ನನಗೆ ಹಗ್ಗ ಬಿಗಿದುಕೊಂಡು ಹನ್ನೊಂದರ ವಿಮಾನ ಹತ್ತಿದಳು.

ಒಂದು ಗಂಟೆಗೆ ಊಟಕ್ಕೆ ಬಂದ ಪುರಂದರ ಮುರಿದ ಬೀಗ ಕಂಡು ಮಂಗಳೂರಿನ ತಮ್ಮ ಜಯಕರನಿಗೆ ಫೋನ್ ಮಾಡಿದನಂತೆ. "ಊರಿಗೆ ಇರುವುದು ಹನ್ನೊಂದರ ವಿಮಾನ ಒಂದೇ, ಆರೂವರೆ ಗಂಟೆಯ ದಾರಿ. ಇನ್ನೂ ನಾಲ್ಕೂವರೆ ಗಂಟೆ ಉಂಟು. ಏರ್‌ಪೋರ್ಟಲ್ಲೇ ಹಿಡಿದು ಅವಳ ಕಾಲು ಮುರಿ." ಜಯಕರ ದೊಣ್ಣೆ ಹಿಡಿದು ಅಲ್ಲಿ ಕಾಯುವಾಗ, ಫೋನಿನ ನಂತರ ಎರಡೇ ಗಂಟೆಯಲ್ಲಿ ಇಳಿದಿದ್ದ ಅವಳು ಮೂಲ್ಕಿಯ ತಾಯಿಮನೆಯಲ್ಲಿ ಗಂಜಿ ಉಣ್ಣುತ್ತಿದ್ದಳು.

ಇದನ್ನೆಲ್ಲ ಮರುದಿನ ಬೆಳಿಗ್ಗೆ ಜಯಕರನೇ ಅಂಗಳದಲ್ಲಿ ನಿಂತು ಅರಚಿದ. ಒಳನುಗ್ಗಿ ಅತ್ತಿಗೆಯ ಜುಟ್ಟು ಹಿಡಿದು ಎಳೆದ. ಜಲಜಾಕ್ಷಿ ಎಡಗೈಗೆ ಸಿಕ್ಕ ನನ್ನನ್ನು ಎತ್ತಿ ಬೀಸಿದಳು. ನನ್ನ ಕಬ್ಬಿಣದ ಮೂಲೆ ಅವನ ದವಡೆಗೆ ಬಡಿಯಿತು. ಹಲ್ಲು ಮುರಿದ ಸದ್ದು ನನ್ನ ಮೈಯೊಳಗೆ ಕೇಳಿಸಿತು. ಸತ್ಯ ಹೇಳುತ್ತೇನೆ, ನನಗೆ ಖುಷಿಯಾಯಿತು.

ಕೆಳಗೆ ಬಿದ್ದ ಅವನ ಫೋನ್ ಬಡಿದುಕೊಂಡಿತು. ಅವಳೇ ಎತ್ತಿದಳು.

"ಸಿಕ್ಕಿದ್ಳಾ?" ಎಂದ ಪುರಂದರ.

"ನಾನೇ ಮಾತಾಡುದು. ತಮ್ಮನನ್ನು ಎಂತಕ್ಕೆ ಕಳಿಸ್ತೀ? ನೀನೇ ಬಾ. ನಾನು ವಾಚು ನೋಡಿಕೊಂಡೇ ಬಂದದ್ದು, ನಾಲ್ಕೇ ಗಂಟೆ."

ಇದಾಗಿ ಆರು ವರ್ಷ. ತುಕ್ಕು ಹಿಡಿದು ಬಾಗಿಲ ಹಿಂದೆ ಕೂತಿದ್ದೇನೆ. ಐದು ವರ್ಷ ಅವಳ ದಾರಿ ಕಟ್ಟಿದ ಪಾಪ ನನ್ನದು, ಅದು ಒಂದು ಏಟಿಗೆ ತೊಳೆದುಹೋಗುವಂಥದ್ದಲ್ಲ. ಪುರಂದರನಿಗೆ ಮಾತ್ರ ಆ ನಾಲ್ಕು ಗಂಟೆಯ ದಾರಿ ಇನ್ನೂ ಸವೆದಿಲ್ಲ.