ಕದಿರಮ್ಮನ ತರ್ಜುಮೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕಿಗೂ ಸಾಕ್ಷ್ಯಚಿತ್ರ ಅಂದರೇನು ಅಂತ ತೋರಿಸಿದವಳು ನಾನು, ಮಾಸ್ತಿಯ ಶ್ಯಾಮಲಮ್ಮ. ನನಗಿಂತ ಮುಂಚೆ ಇಲ್ಲಿ ಕ್ಯಾಮೆರಾ ಅಂದರೆ ಮದುಮಗಳ ತಲೆ ತಗ್ಗಿಸುವ ಯಂತ್ರ, ಅಷ್ಟೇ. ನಾನು ಕೀ ಕೊಟ್ಟರೆ ಅದರ ಗರ್ರ್ ಸದ್ದಿಗೆ ಅಂತರಗಂಗೆ ಬೆಟ್ಟದ ಕೋತಿಗಳೆಲ್ಲ ಇಳಿದು ಬಂದು ಗ್ರೂಪ್ ಫೋಟೋಗೆ ಕೂತಂತೆ ಸಾಲಾಗಿ ಕೂರುತ್ತಿದ್ದವು. ಅದನ್ನು ಹೊತ್ತು ಬಸ್ಸು ಹತ್ತಿದರೆ ಟೈರು ಒಂದು ಗೇಣು ನೆಲದೊಳಕ್ಕೆ ಇಳಿಯುತ್ತಿತ್ತು. ನಂಬದವರು ಟೈರನ್ನೇ ಕೇಳಬಹುದು.

ಮುಂದೆ ಹೇಳುವುದರಲ್ಲಿ ಮಾತ್ರ ಒಗ್ಗರಣೆ ಇಲ್ಲ. ಅದನ್ನು ನೆನೆದರೆ ಇವತ್ತಿಗೂ ಹಲ್ಲು ಕಟಕಟ ಅನ್ನುತ್ತದೆ.

ಎಪ್ಪತ್ತೆಂಟರಲ್ಲಿ ರೇಷ್ಮೆ ಪ್ರಚಾರದ ಕಮಿಟಿಯೊಂದು ನನಗೆ ಚಿತ್ರ ಮಾಡಲು ಹೇಳಿತು. ರಾಯಲ್ಪಾಡಿನ ಹತ್ತಿರ ವೆಂಕಟರಾಯಪ್ಪನ ನೂಲು ತೆಗೆಯುವ ಶೆಡ್ಡಿಗೆ ಹೋದೆ. ಕುದಿಯುವ ನೀರಿನ ಬೋಗುಣಿಯಲ್ಲಿ ಬರಿಗೈ ಅದ್ದಿ ರೇಷ್ಮೆಗೂಡಿನ ಎಳೆ ಹುಡುಕುವ ಹೆಂಗಸರು. ಅವರಲ್ಲಿ ಕದಿರಮ್ಮ ಅನ್ನುವವಳು ಬೆಂದು ಬಿಳಿಚಿದ ಬೆರಳುಗಳನ್ನು ಕ್ಯಾಮೆರಾ ಮೂತಿಗೇ ಹಿಡಿದು ಹೇಳಿದಳು: "ಸತ್ತ ಹುಳದ ನಾತ ಕಣಮ್ಮ. ಸೀಗೇಕಾಯಿ ಹಾಕಿ ತಿಕ್ಕಿದ್ರೂ ಹೋಗಾಕಿಲ್ಲ. ನಾ ಕಲಸಿದ ತುತ್ತು ನನ್ ಮಗಳೇ ಬಾಯಿಗೆ ಇಟ್ಕೊಳ್ಳಲ್ಲ. ಸೌಕಾರ್ರಿಗೆ ಒಂದು ಗಳಿಗೆ ಇದರಲ್ಲಿ ಕೈ ಇಡಿ ಅನ್ನಿ, ನೋಡಾನ."

"ಇದನ್ನ ಒಂದಕ್ಷರ ಬಿಡದೆ ನಿಮ್ಮೂರಿಗೆ ಕೇಳಿಸ್ತೀನಿ," ಅಂತ ಮಾತು ಕೊಟ್ಟು ಬಂದೆ.

ಕಮಿಟಿಯ ಸಾಹೇಬರು ರಾಮಚಂದ್ರಪ್ಪ, ಶಿವಮೊಗ್ಗ ಕಡೆಯವರು, ರೀಲು ನೋಡಿ ಕೈಕುಲುಕಿದರು. ಆಮೇಲೆ ನನ್ನನ್ನು ಕೇಳದೆ, ಹೇಳದೆ ಕದಿರಮ್ಮನ ದನಿ ಕಿತ್ತು ಹಾಕಿ, ಬೆಣ್ಣೆ ಹಚ್ಚಿದ ಗಂಡು ದನಿಯೊಂದನ್ನು ಅಲ್ಲಿ ಕೂರಿಸಿದರು. ಹಿಂದೆ ಸಿತಾರ್ ಬೇರೆ! ನಾನು ಅವರ ಆಫೀಸಿನಲ್ಲಿ ಕಿರುಚಿದ ಸದ್ದಿಗೆ ವಿಧಾನಸೌಧದ ಪಾರಿವಾಳಗಳು ಮೂರು ದಿನ ಕೆಳಗಿಳಿಯಲಿಲ್ಲ. ಸಾಹೇಬರು ಮಾತ್ರ ಕಾಫಿ ಹೀರುತ್ತಾ, "ಜನಕ್ಕೆ ಹಿತವಾಗಿರ್ಬೇಕಮ್ಮಾ," ಅಂದರು.

ಮೊದಲ ಪ್ರದರ್ಶನ ರಾಯಲ್ಪಾಡಿನಲ್ಲೇ. ಎರಡು ಹುಣಸೆಮರದ ನಡುವೆ ಪಂಚೆ ಕಟ್ಟಿ, ಸಂಜೆ ಕವಿಯುತ್ತಲೇ ಶುರು. ಮುಂದಿನ ಕುರ್ಚಿಗಳಲ್ಲಿ ಸಾಹೇಬರು, ಪಕ್ಕದಲ್ಲಿ ವೆಂಕಟರಾಯಪ್ಪ. ಆಂಧ್ರದ ಗಡಿಗೆ ಅಂಟಿದ ಆ ತೆಲುಗು ಊರಿನದೊಂದು ರೂಢಿಯಿದೆ. ಕನ್ನಡದ ಚಿತ್ರ ಬಂದರೆ ಗಟ್ಟಿ ಗಂಟಲಿನವರು ಒಬ್ಬರು ಪರದೆ ಪಕ್ಕ ನಿಂತು ಸಾಲುಸಾಲಿಗೂ ತೆಲುಗಿನಲ್ಲಿ ಕೂಗಿ ಹೇಳಬೇಕು, ಇಲ್ಲದಿದ್ದರೆ ಮುದುಕಿಯರು ಬಿಡುವುದಿಲ್ಲ. ಆ ಗಂಟಲು ಕದಿರಮ್ಮನದು. ಅವಳು ಇಲ್ಲಿ ಕೆಮ್ಮಿದರೆ ಮದನಪಲ್ಲಿಯಲ್ಲಿ ಮಗು ಎಚ್ಚರಾಗುತ್ತಿತ್ತು.

ನನಗೆ ಅವಳ ಮುಖ ನೋಡುವ ಧೈರ್ಯವಿಲ್ಲ. ಪಂಚೆಯ ಮೇಲೆ ಅವಳದೇ ಮುಖ ಬಂತು, ತುಟಿ ಆಡಿತು. ಹೊರಟದ್ದು ಬೆಣ್ಣೆ ದನಿ: "ನಗುನಗುತ್ತಾ ದುಡಿಯುವ ಈ ಸೋದರಿಯರ ಕೋಮಲ ಕರಗಳು..."

ಕದಿರಮ್ಮ ನನ್ನತ್ತ ತಿರುಗಿದಳು. ಆ ನೋಟಕ್ಕಿಂತ ಬೋಗುಣಿಯ ನೀರೇ ತಣ್ಣಗಿತ್ತು. ನಾನು ಎದ್ದು ಸ್ಪೀಕರ್ ವೈರಿಗೆ ಕೈ ಹಾಕಿದೆ.

"ಉಂಡಮ್ಮಾ! ನೇನು ಚೂಸ್ಕುಂಟಾ!" ತಡಿ, ನಾ ನೋಡ್ಕೊತೀನಿ ಅಂದಳು. ಜನರ ಕಡೆ ತಿರುಗಿ ಕೂಗಿದಳು: "ನಾ ಚೇತಿ ಮುದ್ದ ನಾ ಕೂತುರೇ ತಿನದು!"

ನನ್ನ ಕೈತುತ್ತು ನನ್ನ ಮಗಳೇ ತಿನ್ನಲ್ಲ. ಅವತ್ತು ಶೆಡ್ಡಿನಲ್ಲಿ ಆಡಿದ ಮಾತೇ, ಈಗ ತೆಲುಗಿನಲ್ಲಿ.

ಬೆಣ್ಣೆ ದನಿ "ಸಮೃದ್ಧಿ" ಅಂದಾಗ ಅವಳು ಕೊಳೆತ ಹುಳದ ನಾತ ಹೇಳಿದಳು. ಅದು "ಮಾಲೀಕರ ವಾತ್ಸಲ್ಯ" ಅಂದಾಗ, ಜ್ವರ ಬಂದ ದಿನವೂ ಬೋಗುಣಿಗೆ ದಬ್ಬಿದವನ ಹೆಸರು ಹೇಳಿದಳು. ಆ ಹೆಸರಿನವನು ಕುರ್ಚಿಯಲ್ಲಿ ಬೆವರುತ್ತಿದ್ದ. ಹೆಂಗಸರ ಸಾಲಿನಿಂದ ಒಬ್ಬೊಬ್ಬರಾಗಿ ಕೈಯೆತ್ತಿದರು. ಪ್ರೊಜೆಕ್ಟರ್ ಬೆಳಕಿನಲ್ಲಿ ಬಿಳಿಚಿದ ಕೈಗಳು.

ತೆಲುಗಿನ ಗಂಧವೂ ಇಲ್ಲದ ಸಾಹೇಬರು ಚಪ್ಪಾಳೆ ತಟ್ಟಿದರು. "ವಾಹ್, ಎಷ್ಟು ಭಾವ ತುಂಬಿ ಹೇಳ್ತಿದಾಳ್ರೀ! ಏನಂತೆ?"

ವೆಂಕಟರಾಯಪ್ಪನಿಗೆ ತೆಲುಗು ತಾಯಿಮಾತು. ಇರುವುದನ್ನು ಹೇಳಿದರೆ ತನ್ನ ಮಾನವನ್ನು ತಾನೇ ಕನ್ನಡಕ್ಕೆ ತರ್ಜುಮೆ ಮಾಡಿದಂತೆ.

"ತಮ್ಮ ಮಾತ್ನೇ ಸಾರ್... ತಮ್ಮ ಮಾತ್ನೇ ಹೇಳ್ತಾವ್ಳೆ."

"ಲೇ ಸೌಕಾರ, ಜೋರಾಗಿ ಹೇಳ್ಲಾ, ಕೇಳಿಸ್ಲಿಲ್ಲ!" ಅಂತ ಹಿಂದಿನಿಂದ ಒಬ್ಬ ಮುದುಕ ಕೂಗಿದ. ಊರು ನಕ್ಕಿತು. ಕದಿರಮ್ಮ ನಗಲಿಲ್ಲ.

ಮರುದಿನ ಬೆಳಿಗ್ಗೆಯೇ ವೆಂಕಟರಾಯಪ್ಪ ಅವಳನ್ನು ಕೆಲಸದಿಂದ ತೆಗೆದ. ಶೆಡ್ಡಿನ ಬಾಗಿಲಲ್ಲಿ ನಾನು ಅವನಿಗೆ ಬೈದ ಬೈಗುಳಕ್ಕೆ ಅವನ ಮೀಸೆಯ ಒಂದು ಪಕ್ಕ ನರೆಯಿತು. ಆದರೂ ತೆಗೆದದ್ದು ತೆಗೆದದ್ದೇ. ಸಾಹೇಬರೋ, ಹೊರಡುವ ಮುಂಚೆ ವ್ಯಾನಿನಿಂದ ತಲೆ ಹೊರಗೆ ಹಾಕಿ ಅಪ್ಪಣೆ ಕೊಟ್ಟರು: "ಶ್ಯಾಮಲಮ್ಮ, ಗಡಿಯ ತೆಲುಗು ಊರಿಗೆಲ್ಲ ಆ ಹೆಂಗಸನ್ನೇ ಕರ್ಕೊಂಡ್ಹೋಗಿ. ಒಳ್ಳೇ ಪ್ರಚಾರ!"

ಹೋದೆವು. ಮುಳಬಾಗಿಲಿನ ಆಚೆಯ ಒಂದು ಹಳ್ಳಿಯನ್ನೂ ಬಿಡಲಿಲ್ಲ. ಹೋದಲ್ಲೆಲ್ಲ ಅವಳ ತರ್ಜುಮೆ ಬೆಳೆಯಿತು, ಹೋದಲ್ಲೆಲ್ಲ ಕೈಗಳು ಎದ್ದವು.

ಆ ಚಿತ್ರಕ್ಕೆ ದಿಲ್ಲಿಯಲ್ಲಿ ಬಹುಮಾನ ಬಂತು. ಬೆಣ್ಣೆ ದನಿಗಂತೆ! ಹಾರ ಹಾಕಿಸಿಕೊಂಡವರು ಸಾಹೇಬರು. ಆಮೇಲೆ ಎಂಬತ್ತರ ದಶಕ ಪೂರ್ತಿ ನಾನು ಮಾಡಿದ ಒಂದು ಚಿತ್ರದಲ್ಲೂ ನಿರೂಪಕನ ಗಂಟಲು ಇಲ್ಲ, ಸಿತಾರ್ ಇಲ್ಲ. ಅವರವರ ಬಾಯಿ, ಅವರವರ ಮಾತು. ಅದಕ್ಕೆ ನನ್ನನ್ನು ಏಷ್ಯಾ ಖಂಡಕ್ಕೇ ಮೊದಲನೆಯವಳು ಅನ್ನುತ್ತಾರೆ. ಅನ್ನುವವಳು ನಾನೇ.

ಆ ಮೊದಲ ರೀಲು ಮಾತ್ರ ಬೆಂಗಳೂರಿನ ಯಾವುದೋ ಡಬ್ಬಿಯಲ್ಲಿದೆ. ಯಾರಾದರೂ ತೆಗೆದು ಹಾಕಿದರೆ ಕದಿರಮ್ಮನ ತುಟಿ ಆಡುತ್ತದೆ, ಆ ಬೆಣ್ಣೆ ದನಿಯವನೇ ಮಾತಾಡುತ್ತಾನೆ. ಪರದೆ ಪಕ್ಕ ನಿಂತು ಕೂಗುವುದಕ್ಕೆ ಅಲ್ಲಿ ಅವಳಿರುವುದಿಲ್ಲ.