ಮಹಾನಂದಕ್ಕನ ಹಳೇ ಕಾರು

ನಾನು ಒಂದು ಕಾರು. ಹಿಂದೆ ಡಿಕ್ಕಿಯಿರುವ, ಐದು ಜನ ಕೂರುವ, ಬೆಳ್ಳಿ ಬಣ್ಣದ ಸಂಸಾರಸ್ಥರ ಕಾರು. ದೊಡ್ಡ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಕೈಗಳು ನನ್ನ ಮೈಯನ್ನು ಬೆಸೆದವು. ಮನುಷ್ಯರ ಕೈಗಳು ಬಾಗಿಲು ಕೂರಿಸಿದವು. ಮೊದಲ ಸಲ ಎಂಜಿನ್ ಚಾಲೂ ಆದಾಗ ಮೈಯೆಲ್ಲ ಜುಮ್ಮೆಂದಿತ್ತು. ಎಲ್ಲಿಗೆ ಎಂದು ಗೊತ್ತಿಲ್ಲ, ಹೊರಡಬೇಕು ಅಷ್ಟೆ!

ಮೊದಲು ಸೇರಿದ್ದು ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಕುಲಕರ್ಣಿಯವರ ಮನೆ. ಅವರು ನನ್ನನ್ನೂ ಹಲ್ಲಿನ ಹಾಗೆಯೇ ನೋಡಿಕೊಂಡರು. ದಿನಾ ಎರಡು ಹೊತ್ತು ಉಜ್ಜುವುದು, ತಪ್ಪದೆ ತಪಾಸಣೆ ಮಾಡಿಸುವುದು. ಹತ್ತು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಅವರ ಮನೆಗೆ ಎತ್ತರದ ಹೊಸ ಗಾಡಿ ಬಂತು. ನಿಲ್ಲಿಸಲು ಜಾಗವಿಲ್ಲದೆ ನಾನು ಹೊರಬಿದ್ದೆ.

ನನ್ನನ್ನು ಕೊಂಡವಳು ಗದಗಿನ ಮಹಾನಂದಾ. ಗಂಡ ಫಕೀರಪ್ಪನ ಜೊತೆ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ನಡೆಸುತ್ತಿದ್ದಳು. ನಾನು ಓಣಿಯೊಳಗೆ ಕಾಲಿಟ್ಟ ಗಳಿಗೆಯಲ್ಲೇ ಫಕೀರಪ್ಪ ತಲೆಯ ಮೇಲೆ ಕೈಹೊತ್ತ.

“ಎಲ್ಲಾ ಬಿಟ್ಟು ಈ ಮುದುಕಿನ್ನ ತಂದ್ಯಲ್ಲ ಮಾರಾಯ್ತಿ!”

“ನಾನರ ಏನ ಹದಿನಾರರಾಕಿ ಅದೀನೇನು? ಜೋಡಿ ಸರಿಯಾಗೇತಿ ಬಿಡ್ರಿ,” ಎಂದಳು ಮಹಾನಂದಾ.

ನಲವತ್ತೈದು ದಾಟಿದ ಮೇಲೆ ಆಕೆ ನನ್ನ ಮೇಲೆಯೇ ಗಾಡಿ ಕಲಿತಳು. ಕಲಿತು ಮುಗಿಸುವಷ್ಟರಲ್ಲಿ ನನ್ನ ಕ್ಲಚ್ ಪ್ಲೇಟು ಸುಟ್ಟು ನಾತ ಹೊಡೆಯಿತು. ಮೆಕ್ಯಾನಿಕ್ ಮಾಬುಸಾಬ್ ಆರು ಸಾವಿರ ಎಂದ. ಕೊಟ್ಟಳು. ಚಳಿಗಾಲಕ್ಕೆ ಬ್ಯಾಟರಿ ಸತ್ತಿತು. ಕೊಟ್ಟಳು. ಗುಂಡಿ ಕಂಡಲ್ಲೆಲ್ಲ ನನ್ನ ಮುಂಗಾಲುಗಳು ಗಡಗಡ ಎನ್ನತೊಡಗಿದವು. ಬುಷ್ ಸವೆದಿವೆ ಎಂದ. ಗೊಣಗುತ್ತ ಅದಕ್ಕೂ ಕೊಟ್ಟಳು. ಎ.ಸಿ. ಕಂಪ್ರೆಸರಿಗೆ ಇಪ್ಪತ್ತು ಸಾವಿರ ಅಂದಾಗ ಮಾತ್ರ ಗಾಜು ಇಳಿಸಿ ತೋರಿಸಿದಳು. “ನಮ್ಮ ಎ.ಸಿ. ಇದ. ಪುಕ್ಕಟೆ ನಡೀತೈತಿ.”

“ಅಕ್ಕಾರ, ಅದು ಹೋಗಲಿ. ರೇಡಿಯೇಟರಿನ ಪೈಪ್ ಬಿರುಕು ಬಿಟ್ಟೈತ್ರಿ. ಅದನ್ನರ ಬದಲಿ ಮಾಡಸ್ರಿ.”

“ಸಾಲಿ ಶುರು ಆಗ್ತಾವು, ಕೈತುಂಬ ಕೆಲಸ ಐತಿ. ಮುಂದಿನ ತಿಂಗಳು ನೋಡೂಣು.”

ಆ ಮುಂದಿನ ತಿಂಗಳು ಬರುವ ಮೊದಲೇ ಹಳಿಯಾಳದ ದಿನ ಬಂತು.

ಅವಳ ಮಗಳು ಶಿವಲೀಲಾ ಕುಸ್ತಿ ಹಿಡಿಯುತ್ತಿದ್ದಳು. ಬೆಟಗೇರಿಯ ಗರಡಿಯ ಕೆಂಪು ಮಣ್ಣು ನನ್ನ ಹಿಂದಿನ ಸೀಟಿಗೆ ಮೆತ್ತಿ ಎಂದೂ ಬಿಟ್ಟಿದ್ದಿಲ್ಲ. ಅಂದು ಹಳಿಯಾಳದಲ್ಲಿ ರಾಜ್ಯ ತಂಡಕ್ಕೆ ಆಯ್ಕೆ. ಐವತ್ಮೂರು ಕೇಜಿಯ ಗುಂಪಿನಲ್ಲಿ ಅವಳ ಹೆಸರಿತ್ತು. ಮುಂಜಾನೆ ತೂಗಿದಾಗ ತೂಕ ಅದಕ್ಕಿಂತ ಅರ್ಧ ಕೇಜಿ ಹೆಚ್ಚಿತ್ತು. ಬೇಗ ಹೋಗಿ ಮೈದಾನ ಸುತ್ತಿ ಬೆವರಿಳಿಸಿ, ಹತ್ತು ಗಂಟೆಯೊಳಗೆ ತಕ್ಕಡಿ ಏರುವುದು ಅವಳ ಲೆಕ್ಕ. ಹತ್ತರ ಮೇಲೆ ಬಂದವರಿಗೆ ಕಣವಿಲ್ಲ.

ಅಣ್ಣಿಗೇರಿ ದಾಟಿತು, ಹುಬ್ಬಳ್ಳಿ ದಾಟಿತು, ಧಾರವಾಡವೂ ದಾಟಿತು. ನಾನು ಎಳೆಗರುವಿನಂತೆ ಓಡುತ್ತಿದ್ದೆ! ಹಳಿಯಾಳದ ರಸ್ತೆಗೆ ಹೊರಳಿದ ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಏನೋ ಟಪ್ಪೆಂದಿತು. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಬಿಳಿ ಹಬೆ! ಬಿರುಕು ಬಿಟ್ಟಿದ್ದ ಪೈಪು ಬಾಯಿ ತೆರೆದಿತ್ತು.

ಮಹಾನಂದಾ ನನ್ನನ್ನು ಬದಿಗೆ ಎಳೆದಳು. ಪಂಕ್ಚರ್ ಅಂಗಡಿಯೊಂದು ಅಲ್ಲೇ ಇದ್ದುದು ಪುಣ್ಯ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿಕೊಂಡು, ಎಂಜಿನ್ ತಣಿಯುವವರೆಗೆ ಹಲ್ಲು ಕಚ್ಚಿ ಕಾದು, ಪೈಪಿಗೆ ಬಿಗಿಯಾಗಿ ಸುತ್ತಿದಳು. ನೀರು ತುಂಬಿದಳು. ಆದರೂ ಹೊರಟ ಸ್ವಲ್ಪದರಲ್ಲೇ ಶಾಖ ತೋರಿಸುವ ಮುಳ್ಳು ಮತ್ತೆ ಮೇಲೇರತೊಡಗಿತು. ಮಾಬುಸಾಬನಿಗೆ ಫೋನ್ ಹೋಯಿತು.

“ಹೀಟರ್ ಫುಲ್ ಹಚ್ಚ್ರಿ ಅಕ್ಕಾರ! ಎಂಜಿನ್ನಿನ ಸೆಕಿ ಒಳಗ ಬರ್ತೈತಿ, ಎಂಜಿನ್ ಉಳಿತೈತಿ. ಗಾಜು ಎಲ್ಲಾ ಇಳಸ್ರಿ, ಇಲ್ಲಂದ್ರ ನೀವು ಬೆಂದಹೋಗ್ತೀರಿ.”

ನನ್ನ ಬಿಸಿಯುಸಿರು ಒಳಕ್ಕೆ ನುಗ್ಗಿತು. ಮಹಾನಂದಾ ಗಾಜು ಇಳಿಸಲು ಕೈಹಾಕಿದಳು.

“ಬ್ಯಾಡವ್ವಾ! ಗಾಜು ಮುಚ್ಚು!” ಶಿವಲೀಲಾ ಹಿಂದಿನಿಂದ ಕಿರುಚಿದಳು.

“ತಲಿ ಕೆಟ್ಟೈತೇನ ನಿನಗ?”

“ಓಡಾಕ ಇನ್ನ ಟೈಮ್ ಎಲ್ಲೈತಿ? ಅರ್ಧ ಕೇಜಿ ಇಲ್ಲೇ ಇಳೀಲಿ!”

ತಾಯಿ ಕನ್ನಡಿಯಲ್ಲಿ ಮಗಳ ಮುಖ ನೋಡಿದಳು. ಆಮೇಲೆ ಗಕ್ಕನೆ ನಕ್ಕು, ತನ್ನ ಗಾಜನ್ನೂ ಏರಿಸಿದಳು. ಮಗಳು ಎರಡು ಸ್ವೆಟರ್ ಏರಿಸಿಕೊಂಡು ಸೀಟಿನ ಮೇಲೆಯೇ ಬಸ್ಕಿ ಹೊಡೆಯುವವಳಂತೆ ಏಳುತ್ತ ಕೂರುತ್ತ ಹೋದಳು. ನಾನು ಕುಲುಕಿದೆ, ಕುದಿದೆ, ಓಡಿದೆ! ಬೆವರಿನ ಹಬೆಗೆ ಗಾಜು ಮಂಜಾಯಿತು. ಮಹಾನಂದಾ ಸೆರಗಿನಿಂದ ಗಾಜು ಒರೆಸುತ್ತ, “ಹೋಗ ನಮ್ಮವ್ವ, ಹೋಗ ನಮ್ಮವ್ವ” ಎನ್ನುತ್ತಿದ್ದಳು. ಹೇಳಿದ್ದು ನನಗೇ.

ಮೈದಾನದ ಗೇಟಿನಲ್ಲಿ ನಾನು ನಿಲ್ಲುವ ಮೊದಲೇ ಶಿವಲೀಲಾ ಬಾಗಿಲು ತೆರೆದು ಒಳಗೆ ಓಡಿದಳು. ತಾಯಿ ಹಿಂದೆ ಓಡಿದಳು. ನಾನು ಬೇವಿನ ಮರದ ಕೆಳಗೆ ಟಿಕ್ ಟಿಕ್ ಎಂದು ತಣಿಯುತ್ತ, ಒಳಗಿನ ಗದ್ದಲಕ್ಕೆ ಕಿವಿಗೊಟ್ಟು ನಿಂತೆ. ಆಮೇಲೆ ಮಹಾನಂದಾ ಸೀರೆ ಎತ್ತಿ ಹಿಡಿದು ಓಡಿಬಂದವಳೇ ನನ್ನ ಬಾನೆಟ್ ಮೇಲೆ ಎರಡೂ ಕೈ ಬಡಿದು, ಸುಟ್ಟಿತೆಂದು ಹಿಂದೆ ಎಳೆದುಕೊಂಡಳು. ಫೋನಿನಲ್ಲಿ ಗಂಡನಿಗೆ ಕೂಗಿದಳು: “ಐವತ್ತು ಗ್ರಾಂ ಕಮ್ಮಿನ ಬಂತ್ರಿ! ನಿಮ್ಮ ಮುದುಕಿ ತಂದು ಮುಟ್ಟಿಸಿದ್ಲು!”

ನೀರು ಕುಡಿದು, ಬಾಳೆಹಣ್ಣು ತಿಂದು, ದಣಿವಾರಿಸಿಕೊಂಡು ಶಿವಲೀಲಾ ಕಣಕ್ಕಿಳಿದಳು. ನಾನು ಕಂಡದ್ದು ಜನರ ಬೆನ್ನುಗಳನ್ನಷ್ಟೆ. ಎರಡು ಸಲ ಸಿಳ್ಳೆ ಎದ್ದಿತು. ಮೂರನೆಯ ಸಲ ಹಲಗಿ ಬಡಿತದ ಸದ್ದಿಗೆ ನನ್ನ ಗಾಜುಗಳೇ ನಡುಗಿದವು. ಮಣ್ಣು ಮೆತ್ತಿದ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮುಂದೆಯೇ ಇಳಿಸಿದರು. ರಾಜ್ಯ ತಂಡಕ್ಕೆ ಆಯ್ಕೆಯಾಗಿದ್ದಳು!

ನಾನು ಮಾತ್ರ ಊರಿಗೆ ಮರಳಿದ್ದು ಇನ್ನೊಂದು ಗಾಡಿಯ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಮಾಬುಸಾಬ್ ನನ್ನ ಎದೆ ಬಿಚ್ಚಿ ನೋಡಿ ತಲೆಯಾಡಿಸಿದ. “ಗ್ಯಾಸ್ಕೆಟ್ ಹಾರೇತ್ರಿ, ಹೆಡ್ ಸೊಟ್ಟ ಆಗೇತಿ. ಗಾಡಿ ರೇಟಿಗಿಂತ ರಿಪೇರಿನ ಜಾಸ್ತಿ ಆಗ್ತೈತಿ ಅಕ್ಕಾರ. ಇನ್ನ ರೊಕ್ಕ ಹಚ್ಚಬ್ಯಾಡ್ರಿ.” ಮಹಾನಂದಾ ನನ್ನ ಸ್ಟಿಯರಿಂಗನ್ನು ಸೆರಗಿನಿಂದ ಒರೆಸಿ ಕೆಳಗಿಳಿದಳು.

ಗುಜರಿಯವನು ಬಂದಾಗ ಅವನನ್ನು ಬಾಗಿಲಿನಿಂದಲೇ ಕಳಿಸಿದವನು ಯಾರು ಗೊತ್ತೆ? ಫಕೀರಪ್ಪ! “ಮಗಳನ್ನ ಹೊತ್ತ ಗಾಡಿ. ತೂಕಕ್ಕ ಹಾಕಾಂಗಿಲ್ಲ,” ಎಂದುಬಿಟ್ಟ. ರಿಜಿಸ್ಟ್ರೇಶನ್ ರದ್ದಾಯಿತು, ಎಂಜಿನ್ ಬಿಚ್ಚಿಕೊಂಡು ಹೋದರು. ಉಳಿದ ಮೈಯನ್ನು ಶಿವಲೀಲಾ ಗರಡಿಯ ಅಂಗಳಕ್ಕೆ ಒಯ್ದಳು.

ಈಗ ಹುಡುಗಿಯರು ಸೊಂಟಕ್ಕೆ ಹಗ್ಗ ಬಿಗಿದು ನನ್ನನ್ನು ಎಳೆದು ಬಲ ಬೆಳೆಸುತ್ತಾರೆ. ಎದೆಯಲ್ಲಿ ಎಂಜಿನ್ ಇಲ್ಲ, ಪೆಟ್ರೋಲ್ ಬೇಕಿಲ್ಲ, ಆದರೂ ದಿನಾ ಅಂಗಳದುದ್ದಕ್ಕೂ ಓಡುತ್ತೇನೆ. ಇಷ್ಟು ಉಮೇದು ಕಾರ್ಖಾನೆಯ ಬಾಗಿಲಲ್ಲೂ ನನಗಿರಲಿಲ್ಲ.

ಇಂದು ಬೆಳಿಗ್ಗೆ ಗಂಗವ್ವ ಎಂಬ ಹೊಸ ಹುಡುಗಿ ಬಂದಳು. ಹಗ್ಗ ಕಟ್ಟಿಕೊಂಡು ಎಳೆದಳು. ನಾನು ಕದಲಲಿಲ್ಲ. ಉಳಿದವರು ಕಿಸಕ್ಕೆಂದರು. ಅವಳು ಕಾಲನ್ನು ಮಣ್ಣಿನಲ್ಲಿ ಊರಿ, ಕತ್ತಿನ ನರ ಉಬ್ಬಿಸಿ ಜಗ್ಗಿದಳು. ನನ್ನ ಚಕ್ರಗಳು ಕಿರ್ರೆಂದು ಗೇಣುದ್ದ ಸರಿದವು. ಶಿವಲೀಲಾ ಅನುಮಾನದಿಂದ ಬಾಗಿಲು ತೆರೆದು ಒಳಗೆ ನೋಡಿ, ಹಣೆ ಬಡಿದುಕೊಂಡು ಕೂಗಿದಳು:

“ಯವ್ವಾ! ಹ್ಯಾಂಡ್ ಬ್ರೇಕ್ ಹಾಕೇ ಐತಿ! ಆದ್ರೂ ಈಕಿ ಎಳದಾಳ!”