ಹಿಮದಲ್ಲಿ ನಡೆದು ಬಂದ ಸಾಕ್ಷಿ

ನೆಬ್ರಾಸ್ಕಾದ ಆ ಪುಟ್ಟ ಊರಲ್ಲಿ ಶಾಲೆಯ ಬಸ್ಸು ಓಡಿಸುವ ಆರ್ಲಿಸ್‌ಗೆ ಅತಿವೇಗದ ಕೇಸು ಇನ್ನೊಂದು ಬಿದ್ದರೆ ಕೆಲಸಕ್ಕೆ ಎಳ್ಳುನೀರು. ಬಿದ್ದೇಬಿಟ್ಟಿತು. ಅದೂ ತನ್ನ ಹಳೇ ಪಿಕಪ್ಪಿನಲ್ಲಿ. ದಿಬ್ಬ ಕಂಡರೆ ಏದುಸಿರು ಬಿಡುವ ಗಾಡಿ ಅದು.

"ನಾನು ಅಷ್ಟು ಜೋರಾಗಿ ಓಡಿಸ್ಲಿಲ್ಲ ಅಕ್ಕಾ," ಎಂದು ಒಡಹುಟ್ಟಿದ ಅಕ್ಕ ಮೇವಿಸ್ ಮುಂದೆ ಗೋಳಾಡಿದಳು.

ಮೇವಿಸ್ ಸೇಬಿನ ಪೈ ತಿಂಡಿ ಮೆಲ್ಲುತ್ತಲೇ ನಕ್ಕಳು. "ಎಲ್ರೂ ಹಂಗೇ ಅನ್ನೋದು ಕಣೇ. ದಂಡ ಕಟ್ಬೇಡ, ಕೋರ್ಟಿಗೆ ಹೋಗು. ಚೀಟಿ ಬರೆದ ಪೊಲೀಸು ಸಾಕ್ಷಿಗೆ ಬರ್ಲಿಲ್ಲ ಅಂದ್ರೆ ಕೇಸು ವಜಾ. ಚಳಿಗಾಲದಲ್ಲಿ ಯಾವನು ಬರ್ತಾನೆ?"

ಊರೆಲ್ಲ ಅದೇ ಉಪಾಯ ಹೇಳಿತು, ಚರ್ಚಿನ ಪಾದ್ರಿಯೂ ಸೇರಿ. ನಿಜಕ್ಕೂ ಆದದ್ದೇನು ಎಂದು ಮಾತ್ರ ಯಾರೂ ಕೇಳಲಿಲ್ಲ. ಆರ್ಲಿಸ್‌ಗೆ ಅದೇ ಹೆಚ್ಚು ಚುಚ್ಚಿತು.

ವಿಚಾರಣೆಯ ದಿನ ಹಿಮ ಸುರಿದದ್ದೇ ಸುರಿದದ್ದು. ನ್ಯಾಯಾಧೀಶರು ಗಡಿಯಾರ ನೋಡಿ, "ವೆಂಡೆಲ್ ಬರೋ ಹಂಗೆ ಕಾಣಲ್ಲ. ವಜಾ..." ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಚೀಟಿ ಬರೆದ ಪೊಲೀಸು ವೆಂಡೆಲ್ ನಿಂತಿದ್ದ, ಮೊಣಕಾಲವರೆಗೂ ಹಿಮ. ಕಾರು ಹಳ್ಳಕ್ಕೆ ಜಾರಿತ್ತಂತೆ, ನಡೆದೇ ಬಂದನಂತೆ. ಕೆಲಸ ಹೋಯಿತೆಂದೇ ಆರ್ಲಿಸ್ ಅಂದುಕೊಂಡಳು. ಇಷ್ಟು ಕಷ್ಟಪಟ್ಟು ಬಂದವನು ತನ್ನನ್ನು ಮುಗಿಸದೆ ಹೋಗುತ್ತಾನೆಯೇ?

ವೆಂಡೆಲ್ ಕೈಯೆತ್ತಿ ಪ್ರಮಾಣ ಮಾಡಿದ.

"ಜೋರಾಗಿ ಬಂದಿದ್ದು ನಾನಲ್ಲ, ಹಿಂದಿನ ಜೋಳದ ಲಾರಿ ಅಂತ ಈಯಮ್ಮ ಅವತ್ತೇ ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಮನಸ್ಸು ತಡೀಲಿಲ್ಲ ಸ್ವಾಮಿ. ಅದೇ ದಿಬ್ಬದಲ್ಲಿ ಮತ್ತೆ ಮತ್ತೆ ನಿಂತು ನೋಡ್ದೆ. ಸಣ್ಣ ಗಾಡಿ ಹಿಂದೆ ದೊಡ್ಡ ಲಾರಿ ಬಂದ್ರೆ ನನ್ನ ರೇಡಾರು ಲಾರಿ ವೇಗಾನೇ ತೋರ್ಸುತ್ತೆ. ತಪ್ಪು ನಂದು."

"ಅಲ್ಲಯ್ಯಾ, ನೀನು ಮನೇಲಿ ಬೆಚ್ಚಗೆ ಕೂತಿದ್ರೂ ಕೇಸು ಬಿದ್ದೋಗ್ತಿತ್ತಲ್ಲೋ!" ಎಂದರು ನ್ಯಾಯಾಧೀಶರು.

"ಹೋಗ್ತಿತ್ತು. ಆದ್ರೆ 'ಪೊಲೀಸು ಬರ್ಲಿಲ್ಲ, ಬಚಾವಾದ್ಲು' ಅಂತಿದ್ರು ಜನ. ಊರ ಮಕ್ಕಳನ್ನ ಕೂರಿಸ್ಕೊಂಡು ಹೋಗೋರು ಇವರು."

ನ್ಯಾಯಾಧೀಶರು ಕೇಸು ವಜಾ ಮಾಡಿದರು. ಆರ್ಲಿಸ್ ಮಾತ್ರ ಬೆರಗಾಗಿ ನಿಂತೇ ಇದ್ದಳು. ಒಡಹುಟ್ಟಿದವಳೂ ನಂಬದ ಮಾತನ್ನು ಇಡೀ ಊರಲ್ಲಿ ನಂಬಿದವನು ಒಬ್ಬನೇ, ಅದೂ ಚೀಟಿ ಬರೆದವನು! ಇಂಥವನೂ ನಮ್ಮಂತೆಯೇ ನಮ್ಮೂರ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುತ್ತಾನಲ್ಲ ಎಂದುಕೊಂಡಳು. ಕಣ್ಣು ತುಂಬಿ ಬಂತು.

ಹೊರಗೆ ಪಿಕಪ್ಪಿನ ಬಾಗಿಲು ತೆರೆದು ಕರೆದಳು. "ಹತ್ತಪ್ಪಾ, ಮನೆಗೆ ಬಿಡ್ತೀನಿ. ನಿಧಾನಕ್ಕೇ ಓಡಿಸ್ತೀನಿ."

"ನಂಗೊತ್ತು ಕಣಮ್ಮಾ," ಎಂದ ವೆಂಡೆಲ್.